ಸವಾರ ಬೀಳುವವರೆಗೆ

ಹೇಳಿಬಿಟ್ಟರಾಯಿತು ಎಂದುಕೊಂಡಳು ಸುಂಕಲಮ್ಮ, ಬಸ್ಸು ಕಮಲಾಪುರದ ಕೆರೆ ಏರಿಯ ಮೇಲೆ ಒಮ್ಮೆ ಎಡಕ್ಕೆ ವಾಲಿ ಮತ್ತೆ ನೆಟ್ಟಗಾದಾಗ. ಹೇಳಬೇಕಾದದ್ದು ದೊಡ್ಡದೇನೂ ಅಲ್ಲ. ಇವತ್ತು ನಾನು ಮಾಡ್ತೀನಿ, ನೀವು ಬರಕೊಳ್ರಿ. ಅಷ್ಟೇ. ಕಂಪ್ಲಿಯಲ್ಲಿ ಬಸ್ಸು ಹತ್ತಿದಾಗಿನಿಂದ ಆ ಮಾತು ಬಾಯೊಳಗೇ ಹೊರಳಾಡುತ್ತಿತ್ತು. ಒಮ್ಮೆ ತೀರ ಮೆದುವಾಗಿ, ಒಮ್ಮೆ ಜಗಳಕ್ಕೆ ನಿಂತವಳ ಹಾಗೆ, ಒಮ್ಮೆ ನಗುತ್ತ, ಏನೂ ಅಲ್ಲವೆಂಬಂತೆ. ನಗುತ್ತ ಹೇಳುವುದೇ ಸರಿ ಅನ್ನಿಸಿತು. ಆದರೆ ಕಿಟಕಿಯ ಗಾಜಿನಲ್ಲಿ ತನ್ನ ನಗುವನ್ನು ನೋಡಿಕೊಂಡಾಗ ಅದು ಏನನ್ನೋ ಬೇಡಲು ಬಂದವರ ನಗುವಿನಂತೆ ಕಂಡು ತಟ್ಟನೆ ಬಾಯಿ ಮುಚ್ಚಿದಳು. ಪಕ್ಕದಲ್ಲಿ ಮಡಿಲಿಗೆ ಕೋಳಿ ಇಟ್ಟುಕೊಂಡು ಕೂತಿದ್ದ ಮುದುಕಿ, "ಯಾಕವ್ವಾ, ಒಬ್ಬಾಕೀನ ಮಾತಾಡಾಕತ್ತೀಯಲ್ಲ, ಪರೀಕ್ಷೆ ಐತೇನು?" ಎಂದಳು. "ಹೂನವ್ವಾ, ಅಂಥಾದ್ದ ಒಂದು," ಎಂದಳು ಸುಂಕಲಮ್ಮ. ಕೋಳಿ ಅವಳನ್ನು ಒಂದೇ ಕಣ್ಣಿನಲ್ಲಿ ನೋಡಿತು, ನಂಬಲಿಲ್ಲವೆಂಬಂತೆ.

ನಿಜವಾದ ಪರೀಕ್ಷೆ ಮುಂದಿನ ತಿಂಗಳಿತ್ತು. ಬಿ.ಎಸ್ಸಿ. ಮೊದಲ ವರ್ಷದ ಜನರಲ್ ಫಿಸಿಕ್ಸ್ ಪ್ರಾಕ್ಟಿಕಲ್. ಚೀಟಿ ಎತ್ತಬೇಕು, ಬಂದ ಪ್ರಯೋಗವನ್ನು ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ ಒಬ್ಬಳೇ ಮಾಡಿ ತೋರಿಸಬೇಕು. ಆ ಒಬ್ಬಳೇ ಎಂಬುದೇ ಅವಳಿಗೆ ಕಷ್ಟವಾಗಿತ್ತು. ಯಾಕೆಂದರೆ ಇಡೀ ವರ್ಷ ಅವಳು ಒಂದು ಪ್ರಯೋಗವನ್ನೂ ಮಾಡಿರಲಿಲ್ಲ. ಮಾಡಿದ್ದು ಅವಳ ಟೇಬಲ್ಲಿನ ಪಂಪಣ್ಣ. ಅವಳು ಬರೆದುಕೊಂಡಿದ್ದಳು. ಮೊದಲ ದಿನ ಟೇಬಲ್ಲಿಗೆ ಇಬ್ಬರಂತೆ ಹಂಚಿದಾಗ ಹುಡುಗಿಯರು ತಾವಾಗಿಯೇ ಪೆನ್ನು ತೆಗೆದಿದ್ದರು, ಹುಡುಗರು ತಾವಾಗಿಯೇ ಅಂಗಿಯ ತೋಳು ಮಡಚಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮದುವೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಕಾಲಿಗೇ ಗೊತ್ತಿರುವ ಹಾಗೆ ಕೈಗಳಿಗೆ ಗೊತ್ತಿತ್ತು. ಆಮೇಲೆ ಅದೇ ಲ್ಯಾಬಿನ ಪದ್ಧತಿಯಾಯಿತು. ಪಂಪಣ್ಣ ಸ್ಕ್ರೂಗೇಜು ತಿರುಗಿಸುವನು, ಲೋಲಕ ಎಳೆದು ಬಿಡುವನು, ಕಣ್ಣು ಕಿರಿದು ಮಾಡಿ ಅಂಕಿ ಕೂಗುವನು. ಅವಳ ದುಂಡನೆಯ ಅಕ್ಷರದಲ್ಲಿ ಅದು ಸಾಲಾಗಿ ಕೂರುವುದು. ಸುಳ್ಳು ಯಾಕೆ, ಅವಳಿಗೆ ಆಗ ಹಿತವಾಗಿಯೇ ಇತ್ತು. ಪಂಪಣ್ಣ ಥರ್ಮಾಮೀಟರು ನೋಡುತ್ತ ನಿಂತರೆ ಅವಳು ಕಿಟಕಿಯಾಚೆಯ ಜೋಳದರಾಶಿ ಗುಡ್ಡದ ಮೇಲೆ ಮೋಡದ ನೆರಳು ಹತ್ತುವುದನ್ನು ನೋಡುತ್ತ ಎಲ್ಲೋ ಹೋಗಿಬಿಡಬಹುದಿತ್ತು. ಈಗ ಆ ಹಿತವೇ ಮುಳುವಾಗಿತ್ತು. ಅವ್ವ ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವವಳು. ಮೇಸ್ತ್ರಿಗೆ ಆಗಲೇ ಒಂದು ಮಾತು ಹಾಕಿಟ್ಟು, ಮಗಳಿಗೂ ಹೇಳಿದ್ದಳು: "ಪಾಸಾದ್ರ ಓದು, ನಾ ಬ್ಯಾಡ ಅನ್ನಲ್ಲ. ಆಗಲಿಲ್ಲಂದ್ರ ನನ್ನ ಬಾಜೂಕ ಒಂದು ಮೊರ ಐತಿ, ಬಂದು ಕುಂದ್ರು." ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ ತರುವಂಥದು.

ಕಮಲಾಪುರ ದಾಟಿದ ಮೇಲೆ ಬಂಡೆಗಳು ಶುರುವಾದವು, ಒಂದರ ತಲೆಯ ಮೇಲೊಂದು, ಈಗಲೋ ಆಗಲೋ ಉರುಳುವಂತೆ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ತಳದೊಳಗೆ ಬಿದ್ದರೆ ಬಂಡೆ ನಿಲ್ಲುತ್ತದೆ ಎಂದು ಫಿಸಿಕ್ಸಿನ ಉಚ್ಚೆಂಗಪ್ಪ ಸರ್ ಬೋರ್ಡಿನ ಮೇಲೆ ಗೆರೆ ಎಳೆದಿದ್ದರು. ಅವಳ ಜಂಬವ್ವಜ್ಜಿ ಹೇಳಿದ್ದು ಬೇರೆ. ಸಸಿ ಹಚ್ಚುವ ಗದ್ದೆಯ ಬದುವಿನ ಮೇಲೆ, ಕಾಲಿನ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡುತ್ತ ಅಜ್ಜಿ ಹೇಳಿದ್ದಳು: "ಹಿಂದಕ ಒಂದು ಊರಿತ್ತಂತ ಸುಂಕ್ಲೀ. ಅಲ್ಲಿ ಮಂದಿ ಹೇಳಬೇಕಾದ್ದು ಹೇಳದs ನುಂಗತಿದ್ರಂತ. ನುಂಗಿದ್ದು ಎಲ್ಲಿ ಹೋಗಬೇಕು? ಹೊಟ್ಯಾಗ ಕಲ್ಲಾತು. ಸತ್ತ ಮ್ಯಾಲೆ ಹೂಳಿದ್ರ, ಹೆಣ ಮಣ್ಣಾತು, ಕಲ್ಲು ಬೆಳೀತು. ಸೊಸೀ ನುಂಗಿದ್ದು ಸಣ್ಣದಲ್ಲ, ನೋಡಲ್ಲಿ, ಆನಿಯಷ್ಟೈತಿ." ಯಾವ ಸೊಸೆ, ಏನು ನುಂಗಿದಳು ಎಂದು ಕೇಳಿದರೆ ಅಜ್ಜಿ, "ಅದನ್ನ ಹೇಳಿದ್ದಿದ್ರ ಕಲ್ಲು ಯಾಕಾಗತಿತ್ತು ಹುಚ್ಚೀ," ಎಂದು ನಕ್ಕಿದ್ದಳು. ಸುಂಕಲಮ್ಮನಿಗೆ ಎರಡೂ ನಿಜವೆನಿಸುತ್ತಿದ್ದವು, ಸರ್ ಎಳೆದ ಗೆರೆಯೂ, ಸೊಸೆಯ ಮಾತೂ. ಪರೀಕ್ಷೆಯಲ್ಲಿ ಮಾತ್ರ ಒಂದನ್ನೇ ಬರೆಯಬೇಕು.

ಹೊಸಪೇಟೆಯಲ್ಲಿ ಇಳಿದಾಗ ಕಬ್ಬಿನ ಲಾರಿಗಳು ಸಕ್ಕರೆ ಕಾರ್ಖಾನೆಯ ದಾರಿ ಹಿಡಿದು ನಿಂತಿದ್ದವು, ಬೀದಿಗೆಲ್ಲ ಹಸಿ ಕಬ್ಬಿನ, ಡೀಸೆಲಿನ ವಾಸನೆ. ಕಾಲೇಜಿನಲ್ಲಿ ಮೊದಲ ಪೀರಿಯಡ್ಡು ಉಚ್ಚೆಂಗಪ್ಪ ಸರ್ ಅವರದೇ. ಅವರು ಇಂಗ್ಲಿಷಿನಲ್ಲಿ ಶುರು ಮಾಡಿ, ಹುಡುಗರ ಮುಖ ನೋಡಿ ಕನ್ನಡಕ್ಕೆ ಇಳಿಯುತ್ತಿದ್ದರು. "ನಿಮ್ಮ ಮನಿ ನಳದ ನೀರು ನೋಡೀರೇನು? ಮ್ಯಾಲೆ ದಪ್ಪ, ಕೆಳಗ ಬರ್ತಾ ಬರ್ತಾ ಸಣ್ಣ. ಯಾಕ?" ಹಿಂದಿನ ಬೆಂಚಿನವನೊಬ್ಬ, "ನಮ್ಮ ನಳದಾಗ ನೀರs ಬರಂಗಿಲ್ರಿ ಸರ್," ಎಂದ, ಎಲ್ಲ ನಕ್ಕರು, ಸರ್ ಕೂಡ. ಸುಂಕಲಮ್ಮ ನಗಲಿಲ್ಲ. ಅವಳು ನಳದ ನೀರನ್ನಲ್ಲ, ಚಿಕ್ಕಂದಿನಲ್ಲಿ ಕಂಡ ಕೊಡದ ನೀರನ್ನು ನೋಡುತ್ತಿದ್ದಳು. ಕಾಲುವೆ ಬಂದು ಊರೆಲ್ಲ ಹಸಿರಾಗಿ, ಮನೆಮನೆಗೆ ರೇಡಿಯೋ ಬಂದಿದ್ದ ವರ್ಷ ಅದು. ಗೌಡರ ಗದ್ದೆಯಲ್ಲಿ ಕಳೆ ತೆಗೆದು ಬಿಸಿಲಿಗೆ ಬತ್ತಿದ ಅಜ್ಜಿ ಅವರ ಮನೆಯ ಮುಂದೆ ಬೊಗಸೆ ಒಡ್ಡಿ ಕುಕ್ಕರಗಾಲಿನಲ್ಲಿ ಕೂತಿದ್ದಳು, ಆ ಮನೆಯ ಹೆಂಗಸು ತಾಮ್ರದ ಕೊಡವನ್ನು ಎದೆಯೆತ್ತರಕ್ಕೆ ಹಿಡಿದು ನೀರು ಬಿಡುತ್ತಿದ್ದಳು. ಕೊಡದ ಬಾಯಲ್ಲಿ ಮಣಿಕಟ್ಟಿನಷ್ಟು ದಪ್ಪವಿದ್ದ ನೀರು ಅಜ್ಜಿಯ ಬೊಗಸೆ ಮುಟ್ಟುವಾಗ ಬೆರಳಿನಷ್ಟಾಗಿ, ಅರ್ಧ ಚೆಲ್ಲಿ, ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಹಿಂದಿರುಗುವಾಗ ಅಜ್ಜಿ, "ನೋಡಿದೇನು, ಇಳೀತಾ ಇಳೀತಾ ನೀರಿನ ನಡ ಎಷ್ಟು ಸಣ್ಣಾಗ್ತೈತಿ, ಕುಣ್ಯಾಕ ಹೊಂಟಂಗ," ಎಂದು ಹೇಳಿ ಅವಳನ್ನು ನಗಿಸಿದ್ದಳು. ಬೀಳುವ ವಸ್ತುವಿನ ವೇಗ ಹೆಚ್ಚುತ್ತ ಹೋಗುತ್ತದೆ, ಹರಿಯುವ ಮೊತ್ತ ಅಷ್ಟೇ ಇರುತ್ತದೆ, ಆದ್ದರಿಂದ ಧಾರೆ ತೆಳುವಾಗಲೇಬೇಕು, ಎಂದು ಸರ್ ಬರೆದರು. ಎಷ್ಟು ಎತ್ತರದಿಂದ ಬಿದ್ದರೆ ಎಷ್ಟು ತೆಳು ಎಂಬುದೂ ಬಂತು. ಕೊಡವನ್ನು ಅಷ್ಟು ಎತ್ತರ ಹಿಡಿದದ್ದು ಯಾಕೆಂಬುದು ಮಾತ್ರ ಆ ಸಮೀಕರಣದಲ್ಲಿ ಇರಲಿಲ್ಲ. ನಾನು ನೋಡೀನಿ ಸರ್ ಎಂದು ಏಳಬೇಕೆನಿಸಿತು. ಏಳಲಿಲ್ಲ. ಇನ್ನೊಂದನ್ನು ನುಂಗಿದೆ ಎಂದುಕೊಂಡಳು.

ಪಂಪಣ್ಣನಿಗೆ ಹೇಳಲು ಅವಳು ಹೆದರಿದ್ದು ಅವನು ಇಲ್ಲ ಅಂದಾನೆಂದಲ್ಲ. ಇಲ್ಲ ಎಂದು ಯಾಕೆ ಅಂದಾನು ಎಂಬುದಕ್ಕೆ. ಹುಡುಗಿಯೆಂದು ಅವನು ಅವಳ ಕೈಗೆ ಏನನ್ನೂ ಕೊಡುವುದಿಲ್ಲವೋ, ಕೇರಿಯವಳೆಂದೋ? ಪಕ್ಕದ ಟೇಬಲ್ಲಿನ ವಿರುಪಮ್ಮನೂ ಬರೆಯುವವಳೇ, ಆದರೆ ಅವಳ ಜೋಡಿಯವನು, "ಇದನ್ನ ಸ್ವಲ್ಪ ಹಿಡೀ," ಎಂದು ಸ್ಟಾಪ್‌ವಾಚನ್ನು ಅವಳ ಕೈಗೇ ತುರುಕುತ್ತಿದ್ದ. ಪಂಪಣ್ಣ ತನ್ನ ಪೆನ್ನು ಕೊಡುವಾಗಲೂ ಟೇಬಲ್ಲಿನ ಮೇಲೆ ಇಡುತ್ತಿದ್ದ. ಅವಳು ಅಲ್ಲಿಂದ ತೆಗೆದುಕೊಳ್ಳುತ್ತಿದ್ದಳು. ಇಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ನಡುವೆ ಒಂದು ಗಳಿಗೆ ಪೆನ್ನು ಯಾರದೂ ಆಗಿರುತ್ತಿರಲಿಲ್ಲ. ಆದರೂ ಅವನ ಮಾತಿನಲ್ಲಿ ಎಂದೂ ಹಗುರವಿರಲಿಲ್ಲ. ಬರಕೊಳ್ರಿ, ತಡೀರಿ, ನೋಡ್ರಿ ಎನ್ನುತ್ತಿದ್ದ. ಕಬ್ಬಿನ ಗದ್ದೆ, ಟ್ರ್ಯಾಕ್ಟರು ಇರುವ ಅಂಥ ಮನೆಯವರು ಕಂಪ್ಲಿಯಲ್ಲಿ ಅವಳ ಅವ್ವನನ್ನು, ಅಜ್ಜಿಯನ್ನು ಕೂಡ, ಲೇ ಎಂದೇ ಕರೆಯುವುದು. ಈ ರೀ ಎಂಬುದು ಮರ್ಯಾದೆಯೋ, ಅದೂ ಒಂದು ಎತ್ತರ ಹಿಡಿದ ಕೊಡವೋ, ಅವಳಿಗೆ ಬಗೆಹರಿಯುತ್ತಿರಲಿಲ್ಲ. ಕೇಳದಿದ್ದರೆ ಎರಡೂ ಆಗಿರಬಹುದು. ಕೇಳಿದರೆ ಒಂದೇ ಉಳಿಯುತ್ತದೆ.

ಮಧ್ಯಾಹ್ನದ ಲ್ಯಾಬಿನಲ್ಲಿ ಅಂದು ಸೋನೋಮೀಟರು. ಉದ್ದನೆಯ ಪೊಳ್ಳು ಮರದ ಪೆಟ್ಟಿಗೆ, ಅದರ ಮೇಲೆ ಬಿಗಿದ ಒಂದೇ ಒಂದು ತಂತಿ, ತಂತಿಯ ತುದಿ ರಾಟೆಯ ಮೇಲಿಂದ ಇಳಿದು ತೂಕದ ಬಟ್ಟುಗಳನ್ನು ಹೊತ್ತು ನೇತಾಡುತ್ತದೆ. ತಂತಿಯ ಕೆಳಗೆ ಎರಡು ಮರದ ತುಂಡು, ಹಿಂದೆ ಮುಂದೆ ಸರಿಸಬಹುದು. ನಡುವೆ ಮಡಚಿದ ಒಂದು ಚೂರು ಕಾಗದವನ್ನು ಸವಾರನ ಹಾಗೆ ತಂತಿಯ ಮೇಲೆ ಕೂರಿಸಿ, ಶ್ರುತಿಕವೆಯನ್ನು, ಎಂದರೆ ಬಡಿದರೆ ಒಂದೇ ಸ್ವರ ನುಡಿಯುವ ಎರಡು ಕವಲಿನ ಕಬ್ಬಿಣವನ್ನು, ಬಡಿದು, ಅದರ ಹಿಡಿಯನ್ನು ಪೆಟ್ಟಿಗೆಗೆ ಒತ್ತಬೇಕು. ತಂತಿಯ ಉದ್ದ ಸರಿಹೊಂದಿದಾಗ, ಯಾರೂ ಮುಟ್ಟದೆ, ತಂತಿ ತಾನಾಗಿ ನಡುಗಿ ಸವಾರನನ್ನು ಕೆಡವುತ್ತದೆ. ಪುಸ್ತಕದಲ್ಲಿ ಅದನ್ನು ಓದಿದಾಗಿನಿಂದ ಸುಂಕಲಮ್ಮನಿಗೆ ಅದು ಅಜ್ಜಿಯ ಯಾವುದೋ ಕತೆಯಿಂದ ತಪ್ಪಿಸಿಕೊಂಡು ಬಂದದ್ದೆಂದು ಅನ್ನಿಸಿತ್ತು.

ಪಂಪಣ್ಣ ಆಗಲೇ ತೋಳು ಮಡಚಿದ್ದ. ಮೊದಲನೆಯ ಶ್ರುತಿಕವೆಯನ್ನು ಬಡಿದ, ಒತ್ತಿದ, ತುಂಡು ಸರಿಸಿದ, ಸವಾರ ಅಲುಗಿದ, ಬಿದ್ದ. "ಬರಕೊಳ್ರಿ," ಎಂದ. ಅವಳು ಬರೆದುಕೊಂಡಳು. ಮಾತು ಬಾಯಿಗೆ ಬಂದಿತ್ತು, ಪೆನ್ನು ಹಿಡಿದ ಕೈ ಅದನ್ನು ತಡೆಯಿತು, ಅಭ್ಯಾಸದ ಬಲ. ಎರಡನೆಯದನ್ನು ಅವನು ಕೈಗೆತ್ತಿಕೊಂಡಾಗ ಕಂಪ್ಲಿಯಿಂದ ತಾಲೀಮು ಮಾಡಿದ್ದ ಮೂರು ಬಗೆಯಲ್ಲಿ ಒಂದೂ ಬರದೆ, ಕೆಮ್ಮಿನ ಹಾಗೆ, ತೀರ ಗಟ್ಟಿಯಾಗಿ ಬಂತು: "ಇವತ್ತು ನಾ ಮಾಡ್ತೀನಿ."

ಪಕ್ಕದ ಟೇಬಲ್ಲೂ ತಿರುಗಿ ನೋಡಿತು. ವಿರುಪಮ್ಮ, "ಯಾಕ ಸುಂಕಲಮ್ಮ, ಕೈ ತಿನ್ನಾಕತ್ತೈತೇನು?" ಎಂದು ನಕ್ಕಳು.

"ನೀವಾ?" ಎಂದ ಪಂಪಣ್ಣ. "ತಂತಿ ಹಳೇದೈತ್ರಿ. ಕಡದ್ರ ಸರ್ ನನ್ನ ಬೈತಾರ."

"ನನ್ನ ಬೈಲಿ. ಪರೀಕ್ಷೆಗೆ ನೀವು ನನ್ನ ಜೋಡಿ ಬರ್ತೀರೇನು?"

ಅವನು ಶ್ರುತಿಕವೆಯನ್ನು ಟೇಬಲ್ಲಿನ ಮೇಲೆ ಇಟ್ಟ. ಇಟ್ಟು ಹಿಂದೆ ಸರಿದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಸರಿದ ಎಂದು ಅವಳ ಕಣ್ಣು ಅಳೆಯಿತು, ಸಭ್ಯತೆಗೆ ಇಷ್ಟು ಸಾಕಾಗಿತ್ತು, ಉಳಿದದ್ದು ಯಾತಕ್ಕೆ? ಅವಳು ಅದನ್ನು ಎತ್ತಿಕೊಂಡಳು. ಬೆಚ್ಚಗಿತ್ತು. ಅವನ ಕೈಯ ಶಾಖ ಕಬ್ಬಿಣದಲ್ಲಿ ಇನ್ನೂ ಉಳಿದಿದೆ ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಶಾಖ ಹರಿಯುವುದು ಬಿಸಿಯದರಿಂದ ತಣ್ಣನೆಯದಕ್ಕೆ, ಎಂದು ಹೋದ ತಿಂಗಳ ಪಾಠ. ಅದು ಯಾರ ಕೈ ಎಂದು ಕೇಳುವುದಿಲ್ಲ. ಗದ್ದೆಗೆ ಇಳಿಯುವ ಮುಂಚೆ ಅಜ್ಜಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಹಾಗೆ ಅವಳಿಗೆ ತಿಳಿಯದೆಯೇ ಶ್ರುತಿಕವೆಯನ್ನು ಕಣ್ಣಿಗೆ ಒತ್ತಿಕೊಂಡಳು. "ಊದಿನಕಡ್ಡಿ ತರಲೇನು?" ಎಂದು ಯಾರೋ ಅಂದರು. ಕಿವಿ ಸುಟ್ಟಂತಾಯಿತು. ರಬ್ಬರಿನ ಮೇಲೆ ಬಡಿದಳು, ಹಿಡಿಯನ್ನು ಪೆಟ್ಟಿಗೆಗೆ ಒತ್ತಿದಳು, ಆಗ ಮೊಣಕೈವರೆಗೆ ಒಂದು ಜುಮುಜುಮು ಏರಿ ಪೆಟ್ಟಿಗೆಯೆಲ್ಲ ಜೇನುಹುಟ್ಟಿನ ಹಾಗೆ ಗುಂಯ್ ಎಂದಿತು. ಇಡೀ ವರ್ಷ ಲ್ಯಾಬಿನ ದನಿಗಳನ್ನೆಲ್ಲ ಆಚೆ ದಡದಿಂದ ಕೇಳಿದ್ದಳು. ಈಗ ಇದು ಎಲುಬಿನಲ್ಲಿ ಕೇಳಿಸುತ್ತಿತ್ತು. ದನಿ ಇಳಿದು ಇಳಿದು, ಮುಗಿಯಿತೋ ಇನ್ನೂ ಇದೆಯೋ ತಿಳಿಯದ ಅಂಚಿನಲ್ಲಿ ಅವಳು ನಿಂತುಬಿಟ್ಟಳು, ಲ್ಯಾಬು ಇರಲಿಲ್ಲ, ಟೇಬಲ್ಲಿರಲಿಲ್ಲ. ತೂಕ ಇನ್ನೊಂದಿಷ್ಟು ಬೇಕೆನಿಸಿ, ಕಣ್ಣು ಎತ್ತಲೋ ಇರುವಾಗಲೇ ಕೈ ಒಂದು ಬಟ್ಟು ಹಾಕಿತು, ಮತ್ತೊಂದು ಹಾಕಿತು. "ಏ, ಬ್ಯಾಡ್ರಿ!" ಎಂದು ಪಂಪಣ್ಣ ಕೂಗಿದ್ದೂ, ತಂತಿ ಟಣ್ಣೆಂದು ಹರಿದು ಹಾವಿನಂತೆ ಹಿಂದಕ್ಕೆ ಚಿಮ್ಮಿದ್ದೂ, ಬಟ್ಟುಗಳೆಲ್ಲ ಕಡಪಾ ಕಲ್ಲಿನ ನೆಲಕ್ಕೆ ದಡದಡ ಬಿದ್ದು ಒಂದು ಉರುಳುತ್ತ ಉರುಳುತ್ತ ಬಾಗಿಲವರೆಗೆ ಹೋದದ್ದೂ ಒಟ್ಟಿಗೇ ಆದವು.

ಅದು ಬಾಗಿಲ ಬಳಿ ಬುಗುರಿಯಂತೆ ತಿರುಗಿ ಮಲಗಿತು. ಸುಂಕಲಮ್ಮ ಎಲ್ಲರ ಮುಖದಲ್ಲಿ ಒಂದೇ ಮಾತನ್ನು ಓದಿದಳು, ಅಥವಾ ಓದಿದೆನೆಂದುಕೊಂಡಳು. ಅವ್ವನ ಪಕ್ಕದ ಮೊರ ಕಣ್ಣಿಗೆ ಕಟ್ಟಿತು, ತೌಡಿನ ಧೂಳಿನಲ್ಲಿ ಬೆಳ್ಳಗಾದ ಹುಬ್ಬುಗಳು. ಅಟೆಂಡರ್ ದುರುಗಣ್ಣ, "ಹುಡುಗೇರ ಕೈಗೆ ಕೊಟ್ರ ಹಿಂಗs ನೋಡ್ರಿ ಸರ್," ಎನ್ನುತ್ತ ಬಂದ. ಅವನ ಹಿಂದೆ ಉಚ್ಚೆಂಗಪ್ಪ ಸರ್.

"ಯಾರು ಕಡದದ್ದು?"

"ನಾನು ಸರ್," ಎಂದಳು. "ತಂತಿ ಹಳೇದಿತ್ರಿ ಸರ್," ಎಂದ ಪಂಪಣ್ಣ, ಅದೇ ಉಸಿರಿನಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸರ್ ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಎರಡೂ ಖರೇನ. ತುಕ್ಕೂ ಐತಿ, ತೂಕಾನೂ ಜಾಸ್ತಿ ಆಗೈತಿ. ದುರುಗಣ್ಣ, ಹುಡುಗರು ಕಡದ ತಂತಿ ನಿನ್ನ ಡ್ರಾಯರ್‌ನಾಗ ಎಷ್ಟು ಅದಾವ ತೆಗದು ನೋಡಪ್ಪ, ಮೀಸಿ ಬಂದಾವೇನು ಅವಕ್ಕ?" ಎಲ್ಲರೂ ನಕ್ಕರು, ದುರುಗಣ್ಣನೂ. "ಹೊಸಾ ತಂತಿ ಕೊಡು. ಕಟ್ಟಾಕ ಬರ್ತೈತೇನಮ್ಮ ನಿನಗ?"

ಬರ್ತೈತ್ರಿ ಎಂದು ಹೇಳಬೇಕೆನಿಸಿತು. "ಬರಂಗಿಲ್ರಿ. ಕಟ್ಟಿ ಕಲೀತೀನಿ," ಎಂದಳು.

"ಜಲ್ದಿ ಆಗಲಿ ಮತ್ತ. ನನಗ ಇವತ್ತು ಬೀಗ ಹಾಕಿ ಹೊಂಡೋದೈತಿ, ಮಗಳಿಗೆ ಜ್ವರ."

ಹೊಸ ತಂತಿ ಸುರುಳಿಯಿಂದ ಬಿಡಿಸಿದರೆ ಮತ್ತೆ ಸುರುಳಿಯಾಗುವ ಹಟದ್ದು. ಒಬ್ಬರಿಂದ ಆಗುವಂಥದಲ್ಲ. ಅವಳು ಒಂದು ತುದಿಯನ್ನು ಗೂಟಕ್ಕೆ ಸುತ್ತುತ್ತಿದ್ದರೆ ಇನ್ನೊಂದು ತುದಿ ಪಂಪಣ್ಣನ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ಅವನು ಅದನ್ನು ಹಿಡಿದೇ ನಿಂತ. ಅವಳು ಎಳೆದರೆ ಅವನ ಬೆರಳಿಗೆ ತಿಳಿಯುತ್ತಿತ್ತು, ಅವನು ಸಡಿಲಿಸಿದರೆ ಅವಳ ಬೆರಳಿಗೆ. ಸುತ್ತಿನವರು ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದರು. ಗೂಟ ನೋಡುತ್ತಲೇ ಅವಳು ಕೇಳಿದಳು, ಕೇಳಬೇಕೆಂದು ಯೋಚಿಸದೆ: "ಇಷ್ಟು ದಿನ ನನ್ನ ಕೈಗೆ ಯಾಕ ಏನೂ ಕೊಡ್ತಿರ್ಲಿಲ್ಲ ನೀವು?"

"ನೀವು ಕೇಳಿರ್ಲಿಲ್ಲಲ್ರೀ," ಎಂದ. ತಂತಿ ಸ್ವಲ್ಪ ಸಡಿಲಾಯಿತು. ಮತ್ತೆ ಬಿಗಿಯಾಯಿತು. ಆಮೇಲೆ, ದನಿ ತಗ್ಗಿಸಿ, "ಮನ್ಯಾಗ ಹೇಳಿದ್ರು, ಮೊದಲ್ನೇ ದಿನ. ಜೋಡಿ ಯಾರು ಬಂದಾರ ಅಂತ ಕೇಳಿದ್ರು, ನಾ ನಿಮ್ಮ ಹೆಸರು, ಊರು ಹೇಳಿದೆ. ಅವಾಗ ಹೇಳಿದ್ರು."

ಏನು ಹೇಳಿದರೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ವರ್ಷವಿಡೀ ಹುಡುಗಿಯೆಂದೋ ಕೇರಿಯವಳೆಂದೋ ಎಂದು ಜೋಕಾಲಿಯಾಡಿದ್ದು ಕೊನೆಗೂ ಒಂದು ಕಡೆ ನಿಂತಿತ್ತು, ಅವಳು ಬೇಡವೆಂದಿದ್ದ ಕಡೆಯೇ. ಕಾಲ ಕೆಳಗಿನ ನೆಲ ಕುಸಿಯುತ್ತದೆಂದು ಕಾದಳು. ಗೂಟದ ಮೇಲಿನ ಬೆರಳು ತಂತಿಯನ್ನು ಸುತ್ತುತ್ತಲೇ ಇತ್ತು. ನೋಯಲಿಲ್ಲವೆಂದಲ್ಲ, ನೋಯುತ್ತಿತ್ತು, ಆದರೆ ಈ ನೋವಿಗೆ ಒಂದು ಅಂಚಿತ್ತು, ಇಷ್ಟೇ ಎಂದು ಕೈಯಾಡಿಸಬಹುದಾದ ಅಂಚು. ಗೊತ್ತಿಲ್ಲದಿದ್ದಾಗ ಆ ಅಂಚು ಇರಲಿಲ್ಲ.

"ಈಗೇನಂತೀರಿ?" ಎಂದಳು.

"ಈಗ ಹಿಡದೀನಲ್ರೀ," ಎಂದ ಪಂಪಣ್ಣ, ಸ್ವಲ್ಪ ಸಿಟ್ಟಿನಿಂದಲೇ, ಬೆರಳಿಗೆ ತಂತಿ ಕೊಯ್ಯುತ್ತಿತ್ತು. "ಜಲ್ದಿ ಕಟ್ರಿ, ರಕ್ತ ಬರ್ತೈತಿ!"

ಅವಳಿಗೆ ನಗು ಬಂತು. ಬಸ್ಸಿನ ಗಾಜಿನಲ್ಲಿ ಕಂಡಂಥದಲ್ಲ.

ಈ ಸಲ ಬಟ್ಟುಗಳನ್ನು ನೋಡಿ ನೋಡಿ ಹಾಕಿದಳು. ಮರದ ತುಂಡುಗಳನ್ನು ಹತ್ತಿರ ಇಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟು ದೂರ ಸರಿಸುತ್ತ ಬಂದಳು. ಸವಾರ ಅಲುಗಲಿಲ್ಲ. ತಂತಿಯನ್ನು ಬೆರಳಿನಿಂದ ಮೀಟಿ ಶ್ರುತಿಕವೆಯನ್ನು ಒತ್ತಿದಾಗ ಎರಡು ದನಿ ಒಂದರೊಳಗೊಂದು ಹೊಂದದೆ ಏರಿಳಿಯುತ್ತಿದ್ದವು, ಒಂದೇ ತೊಟ್ಟಿಲನ್ನು ಇಬ್ಬರು ತೂಗಿದಂತೆ. ತುಂಡು ಸರಿಸಿದಂತೆ ಏರಿಳಿತ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಒಬ್ಬೊಬ್ಬರೇ ಲ್ಯಾಬಿನಿಂದ ಹೊರಡುತ್ತಿದ್ದರು. ವಿರುಪಮ್ಮ ಚೀಲ ಹೆಗಲಿಗೇರಿಸಿ, "ಬಸ್ಸು ತಪ್ಪತೈತಿ ಬಾರs," ಎಂದು ಕರೆದು, ಕಾಯ್ದು, ಹೋದಳು. ಸುಂಕಲಮ್ಮ ಉಸಿರು ಬಿಗಿಹಿಡಿದು ಶ್ರುತಿಕವೆಯನ್ನು ಒತ್ತಿದಳು. ಕಾಗದದ ಚೂರು ಒಮ್ಮೆ ನಡುಗಿತು, ಏನೋ ನೆನಪಾದವರ ಹಾಗೆ ಮೈ ಕೊಡವಿತು, ಹಾರಿ ಪೆಟ್ಟಿಗೆಯ ಮೇಲೆ ಬಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಸ್ಕೇಲಿನ ಮೇಲೆ ಬಗ್ಗಿ ಉದ್ದವನ್ನು ಓದಿ ಹೇಳಿದಳು. ಪೆನ್ನು ಹಿಡಿದಿದ್ದ ಪಂಪಣ್ಣ ಬರೆಯಲಿಲ್ಲ. "ಇದು ಭಾಳ ಜಾಸ್ತಿ ಆತಲ್ರೀ. ಅವರಿಗೆಲ್ಲ ಕಮ್ಮಿ ಬಂದೈತಿ. ಅವರದನ್ನs ಬರದುಬಿಡ್ಲೇನು?"

"ಬ್ಯಾಡ್ರಿ," ಎಂದಳು. "ಅವರದು ಹಳೇ ದಪ್ಪ ತಂತಿ. ನಮ್ಮ ತಂತಿ ಸಣ್ಣದು, ಉದ್ದ ಜಾಸ್ತಿನs ಬರಬೇಕು. ನೀವು ಮೊದಲು ತಗೊಂಡದ್ದನ್ನೂ ಹೊಡದು ಹಾಕ್ರಿ, ಅದನ್ನೂ ಮತ್ತ ತಗೋಬೇಕು."

ಪಂಪಣ್ಣ ಅವಳನ್ನೂ ತಂತಿಯನ್ನೂ ನೋಡಿದ. ಕೊಯ್ದ ಬೆರಳನ್ನು ಒಮ್ಮೆ ಬಾಯಲ್ಲಿಟ್ಟು ತೆಗೆದು, ಎಡಗೈಯಿಂದ ಹಾಳೆಯನ್ನು ಒತ್ತಿಹಿಡಿದು, ತನ್ನ ಸೊಟ್ಟ ಅಕ್ಷರದಲ್ಲಿ ಅವಳು ಹೇಳಿದ್ದನ್ನು ಬರೆದ. ಮೊದಲನೆಯ ಸಾಲಿಗೆ ಅಡ್ಡಗೆರೆ ಎಳೆದ.

ಬಾಗಿಲಲ್ಲಿ ಉಚ್ಚೆಂಗಪ್ಪ ಸರ್ ಬೀಗ ಹಿಡಿದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಜ್ವರದ ಮಗಳ ನೆನಪಾಗಿ ಸುಂಕಲಮ್ಮನಿಗೆ ನಾಚಿಕೆಯಾಯಿತು, ಸಾಮಾನು ಎತ್ತಿಡಲು ಕೈ ಹೋಯಿತು. ಮೇಜಿನ ಮೇಲೆ ಅಳೆಯದ ಶ್ರುತಿಕವೆಗಳು ಇನ್ನೂ ಇದ್ದವು, ಸಂಜೆಯ ಬಿಸಿಲು ಅವುಗಳ ಕವೆಗಳ ನಡುವೆ ನಿಂತಿತ್ತು. ಕೈ ಹಿಂದಕ್ಕೆ ಬಂತು.

"ತಡೀರಿ ಸರ್," ಎಂದಳು. ಖಾಲಿ ಲ್ಯಾಬಿನಲ್ಲಿ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಇನ್ನೂ ಉಳಿದಾವು."

ಸರ್ ಗೋಡೆಯ ಗಡಿಯಾರ ನೋಡಿದರು. ಬೀಗವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸ್ಟೂಲೊಂದನ್ನು ಎಳೆದುಕೊಂಡು ಕೂತರು.